ಎರಡುಕಣ್ಣಮ್ಮನೂ ಅಳಿಯನ ಹುಳವೂ

ವೈನ್ ದ್ರಾಕ್ಷಿಯ ಆ ಇಳಿಜಾರು ತೋಟದಲ್ಲಿ ಚಳಿಗಾಲದ ಮೊದಲ ಕತ್ತರಿ ಹಾಕುವ ಹಕ್ಕು ಇಪ್ಪತ್ತಾರು ವರ್ಷಗಳಿಂದ ಒಬ್ಬಳದೇ ಆಗಿತ್ತು. ಎಲೆಯೆಲ್ಲ ಉದುರಿ ಬಳ್ಳಿಗಳು ಬೋಳಾದ ಮೇಲೆ, ಒಂದು ಬೆಳಗ್ಗೆ ಅವಳು ಗಂಡನ ಹಳೆಯ ಕೋಟು ತೊಟ್ಟು, ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಸೊಂಟದ ಚರ್ಮದ ಚೀಲಕ್ಕೆ ಕತ್ತರಿ ಸಿಕ್ಕಿಸಿ, ದಂಡಯಾತ್ರೆಗೆ ಹೊರಟ ದಳಪತಿಯ ಹಾಗೆ ತಗಡಿನ ಶೆಡ್ಡಿನಿಂದ ಹೊರಬೀಳುತ್ತಿದ್ದಳು. ಹಿಂದೆ ಹನ್ನೊಂದು ಜನ ಆಳುಗಳು. ಮೊದಲ ಸಾಲಿನ ಮೊದಲ ಬಳ್ಳಿಯ ಮುಂದೆ ನಿಂತು ಅದನ್ನು ಮೇಲಿಂದ ಕೆಳಗಿನವರೆಗೆ ದಿಟ್ಟಿಸುವಳು. ಬಳ್ಳಿಗೆ ಬಾಯಿದ್ದಿದ್ದರೆ ಆ ನೋಟಕ್ಕೇ ಮಾಡದ ತಪ್ಪನ್ನೂ ಒಪ್ಪಿಕೊಂಡುಬಿಡುತ್ತಿತ್ತು. ಆಮೇಲೆ ಕಟಕ್. ಕಳೆದ ವರ್ಷವಿಡೀ ಬೆಳೆದಿದ್ದ ಆಳುದ್ದದ ಕಡ್ಡಿ ನೆಲಕ್ಕೆ. ಹನ್ನೊಂದು ಜನ ಒಟ್ಟಿಗೆ ಉಸಿರು ಬಿಡುವರು. ಯುದ್ಧ ಶುರು.

ಊರವರು ಅವಳನ್ನು ಎರಡುಕಣ್ಣಮ್ಮ ಅನ್ನುತ್ತಿದ್ದರು. ಎರಡು ಕಣ್ಣು ಯಾರಿಗಿಲ್ಲ ಎಂದು ಹೊಸಬರು ನಗುವರು. ದ್ರಾಕ್ಷಿಯ ಕಡ್ಡಿಯಲ್ಲಿ ಗೆಣ್ಣಿಗೊಂದು ಮೊಗ್ಗು ಕೂತಿರುತ್ತದಲ್ಲ, ಅದಕ್ಕೆ ತೋಟದವರು ಕಣ್ಣು ಅನ್ನುತ್ತಾರೆ. ಚಳಿ ಕಳೆದ ಮೇಲೆ ಒಂದೊಂದು ಕಣ್ಣೂ ಒಡೆದು ಒಂದೊಂದು ಚಿಗುರಾಗುತ್ತದೆ, ಚಿಗುರಿಗೆ ಒಂದೆರಡು ಗೊಂಚಲು ಹಿಡಿಯುತ್ತದೆ. ಕಡ್ಡಿಗೆ ಎಷ್ಟು ಕಣ್ಣು ಉಳಿಸಿ ಮಿಕ್ಕಿದ್ದನ್ನು ಹಾರಿಸಬೇಕು ಅನ್ನುವುದೇ ಕತ್ತರಿ ಹಿಡಿದವರ ವಿದ್ಯೆಯೆಲ್ಲ. ಈ ಪ್ರಶ್ನೆಗೆ ಅವಳದು ಒಂದೇ ಉತ್ತರ: ಎರಡು. ತೊಡೆಗಾತ್ರದ ಬಳ್ಳಿಗೂ ಎರಡು, ಹೆಬ್ಬೆರಳು ಗಾತ್ರದ್ದಕ್ಕೂ ಎರಡು. ಮಳೆ ಬಂದ ವರ್ಷವೂ ಎರಡು, ಬಾರದ ವರ್ಷವೂ ಎರಡು.

ಈ ಸಿದ್ಧಾಂತ ಬಳ್ಳಿಗಷ್ಟೇ ನಿಂತಿದ್ದರೆ ಮನೆಯವರು ಬದುಕಿಕೊಳ್ಳುತ್ತಿದ್ದರು. ಗಂಡನಿಗೆ ಅಂಗಿ ಎರಡು. ಕಿಟಕಿಯ ಮೇಲೆ ಹೂಕುಂಡ ಎರಡು. ಮಗಳ ಮದುವೆಗೆ ಕರೆಯುವವರ ಪಟ್ಟಿ ಕೈಗೆ ಬಂದಾಗ ಪೆನ್ಸಿಲ್ ಹಿಡಿದು ಕೂತು ಮನೆಗೆ ಇಬ್ಬರಂತೆ ಸವರಿದಳು. ಮೂರು ಮಕ್ಕಳಿದ್ದ ನಾದಿನಿ ಆ ಅವಮಾನಕ್ಕೆ ಎರಡು ವರ್ಷ ಮಾತು ಬಿಟ್ಟಳು. ಅದೂ ಎರಡೇ.

ಹುಟ್ಟುತ್ತಲೇ ದಳಪತಿಯಾಗಿದ್ದವಳಲ್ಲ. ಮೂವತ್ತರ ಸುಮಾರಿಗೆ ಕತ್ತರಿಸಿದ ಕಡ್ಡಿ ಹೊರೆಕಟ್ಟಿ ಹೊರುವ ಕೆಲಸಕ್ಕೆ ಸೇರಿದ್ದಳು. ಒಂದು ಚಳಿಗಾಲದ ನಡುವೆ ಆಗಿನ ಮೇಸ್ತ್ರಿಯ ಬೆನ್ನು ಹಿಡಿದುಕೊಂಡು, ಬಗ್ಗಿದವನು ಬಗ್ಗಿದಂತೆಯೇ ಮನೆಗೆ ಹೋದ. ಯಾರಾದರೂ ಕತ್ತರಿ ಹಿಡಿಯಲಿ ಎಂದು ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಇವಳು ಹೊರೆ ಇಳಿಸಿ ಕತ್ತರಿ ಎತ್ತಿಕೊಂಡಳು. ಆ ವರ್ಷದ ವೈನು ಬಾಯಿಂದ ಬಾಯಿಗೆ ಹೆಸರಾಯಿತು. ಅಂದು ಕೈಗೆ ಬಂದ ಮೇಸ್ತ್ರಿಕೆ ಅವಳ ಮಟ್ಟಿಗೆ ಸಿಂಹಾಸನ. ಮಿಕ್ಕಿದ್ದೇನು ಬೇಕಾದರೂ ಹೋಗಲಿ, ಅದೊಂದು ಹೋಗಬಾರದು.

ಅವಳ ಗಂಡನೂ ಅದೇ ತೋಟದ ನೆಲಮಾಳಿಗೆಯಲ್ಲಿ ಪೀಪಾಯಿಗಳನ್ನು ನೋಡಿಕೊಳ್ಳುವವನು. ಮಾತು ಕಡಿಮೆ, ನಾಲಿಗೆ ಮಾತ್ರ ಬಂಗಾರ. ಒಂದು ಗುಟುಕು ಬಾಯಿಗೆ ಹಾಕಿದನೆಂದರೆ ಯಾವ ಸಾಲಿನ ದ್ರಾಕ್ಷಿ, ಯಾವ ಪೀಪಾಯಿ ಎಂದು ಹೇಳಿಬಿಡುವನು. ಮನೆಯಲ್ಲಿ ಆ ನಾಲಿಗೆಗೆ ಬೇರೆ ಯಾವ ಕೆಲಸವೂ ಇರಲಿಲ್ಲ.

ಹೀಗಿರುವಾಗ ಅಳಿಯ ಬಂದ.

ಮಗಳು ದೂರದ ಕೃಷಿ ಕಾಲೇಜಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ಮದುವೆಯಾದ ಎರಡು ವರ್ಷಕ್ಕೆ ಅಲ್ಲಿಂದ ಎರಡು ಪೆಟ್ಟಿಗೆ, ಒಬ್ಬ ಗಂಡನನ್ನು ಕಟ್ಟಿಕೊಂಡು ಊರಿಗೆ ವಾಪಸಾದಳು. ಗಂಡ ಉದ್ದಕ್ಕೆ, ತೆಳ್ಳಗೆ, ಬಾಗಿಲಿಗೆಲ್ಲ ತಲೆ ಹೊಡೆಸಿಕೊಳ್ಳುವ ಮನುಷ್ಯ. ಪದವಿ ದ್ರಾಕ್ಷಿಯಲ್ಲೇ. ಜೇಬಿನಲ್ಲಿ ಸದಾ ಒಂದು ನೋಟುಪುಸ್ತಕ. ಬಂದ ವಾರಕ್ಕೇ ತೋಟದ ಯಜಮಾನರು ಅವನನ್ನು ಒಂದು ವರ್ಷದ ಮಟ್ಟಿಗೆ ತಜ್ಞನನ್ನಾಗಿ ಇಟ್ಟುಕೊಂಡರು.

ಮೊದಲ ದಿನವೇ ತಜ್ಞ ಸಾಲುಗಳ ನಡುವೆ ನಿಂತು, "ಅತ್ತೆ, ಎರಡು ಕಣ್ಣು ತುಂಬಾ ಕಡಿಮೆ ಆಯ್ತು. ಆರು ಬಿಡಬೇಕು," ಅಂದ.

ಆಳುಗಳ ಹನ್ನೊಂದು ಕತ್ತರಿಗಳೂ ಗಾಳಿಯಲ್ಲೇ ನಿಂತವು. ಬೇರೆ ಯಾರಾದರೂ ಹೀಗಂದಿದ್ದರೆ ಅವರ ಗತಿ ಏನಾಗುತ್ತಿತ್ತೋ. ಅಂದವನು ಅಳಿಯ. ಅಳಿಯಂದಿರನ್ನು ನೇರವಾಗಿ ಬೈಯುವುದುಂಟೆ? ಎರಡುಕಣ್ಣಮ್ಮ ಹಲ್ಲು ಬಿಗಿಹಿಡಿದು ನಕ್ಕು, "ಹಾಗಂತೀರಾ ಅಳಿಯಂದ್ರೇ? ನೀವು ಓದಿದೋರು," ಎಂದು ಹೇಳಿ, ಪಕ್ಕದಲ್ಲಿದ್ದ ಬಕೆಟ್ಟಿನ ಕಡೆ ತಿರುಗಿ, "ನಿನ್ನೆ ಮೊನ್ನೆ ಬಂದ ಬಕೆಟ್ಟು ನೀನು! ನಿನಗೇನು ಗೊತ್ತು ಈ ತೋಟದ ವಿಷಯ? ತಳ ಗಟ್ಟಿ ಇದೆಯಾ ನಿಂದು?" ಎಂದು ಒದ್ದಳು. ಬಕೆಟ್ಟು ಇಳಿಜಾರಿನ ಕೆಳಗಿನವರೆಗೆ ಉರುಳಿತು. ಅಳಿಯ ಪಾಪ, ಓಡಿಹೋಗಿ ಎತ್ತಿ ತಂದುಕೊಟ್ಟ.

ವಾರ ಕಳೆಯುವುದರೊಳಗೆ ಬಕೆಟ್ಟು ನಜ್ಜುಗುಜ್ಜಾಗಿ, ವಿಷಯ ಯಜಮಾನರ ಮುಂದೆ ಹೋಯಿತು. ಯಜಮಾನರು ಒಳ್ಳೆಯವರು. ತೀರ್ಮಾನ ಒಂದನ್ನು ಬಿಟ್ಟು ಏನು ಕೇಳಿದರೂ ಕೊಡುವರು. ಅವರ ಮನೆಯ ಗೇಟಿನ ಒಂದು ರೆಕ್ಕೆ ಹಸಿರು, ಇನ್ನೊಂದು ನೀಲಿ. ಯಾವ ಬಣ್ಣವೆಂದು ಯೋಚಿಸುತ್ತ ಒಂಬತ್ತು ವರ್ಷವಾಗಿತ್ತು. ಅತ್ತೆಯ ಮಾತಿಗೂ ತಲೆಯಾಡಿಸಿ, ಅಳಿಯನ ಮಾತಿಗೂ ತಲೆಯಾಡಿಸಿ, ಕುತ್ತಿಗೆ ನೋವು ಬಂದ ಮೇಲೆ ಹೇಳಿದರು: "ಇಬ್ಬರೂ ಆರಾರು ಸಾಲು ತಗೊಳ್ಳಿ. ನಿಮ್ಮ ನಿಮ್ಮ ಹಾಗೆ ಕತ್ತರಿಸಿ. ಯಾರ ಸಾಲಿನ ವೈನು ಚೆನ್ನಾಗಿರುತ್ತೋ ಮುಂದಿನ ಚಳಿಗಾಲದಿಂದ ಅವರೇ ಮೇಸ್ತ್ರಿ. ರುಚಿ ನೋಡೋಕೆ ಪೀಪಾಯಿಯವನು ಇದ್ದಾನಲ್ಲ."

ಪೀಪಾಯಿಯವನೆಂದರೆ ಅವಳ ಗಂಡ. ಅವನು ಮೂಲೆಯಲ್ಲಿ ನಿಂತಿದ್ದವನು, ತನ್ನ ಕೊನೆಯ ದಿನ ಗೊತ್ತಾದವನ ಹಾಗೆ ಗೋಡೆ ಹಿಡಿದುಕೊಂಡ.

"ಒಂದು ನಿಯಮ ಇರಲಿ," ಅಂದಳು ಎರಡುಕಣ್ಣಮ್ಮ. "ಒಬ್ಬರ ಬಳ್ಳಿ ಇನ್ನೊಬ್ಬರು ಮುಟ್ಟೋ ಹಾಗಿಲ್ಲ. ಮುಟ್ಟಿದರೆ ಮುಟ್ಟಿದವರು ಸೋತ ಹಾಗೆ. ಕಾಲ ಕೆಟ್ಟಿದೆ, ಯಾರನ್ನೂ ನಂಬೋ ಹಾಗಿಲ್ಲ." ಅಂದು ಬಕೆಟ್ಟಿನ ಕಡೆ ಒಂದು ನೋಟ ಬೀರಿದಳು.

ಅವಳಿಗೆ ಶೆಡ್ಡಿನ ಎದುರಿನ ಆರು ಸಾಲು ಸಿಕ್ಕಿತು. ಅಳಿಯನಿಗೆ ಎಲ್ಲಿ ಕೊಡಬೇಕೆಂದು ತೀರ್ಮಾನವಾಗದೆ ಯಜಮಾನರು ಮೂರು ಸಾಲು ತೋಟದ ಆ ತುದಿಯ ಬೇಲಿಯ ಹತ್ತಿರ, ಮೂರು ಸಾಲು ಈ ತುದಿಯ ಕಾಲುದಾರಿಯ ಪಕ್ಕ ಕೊಟ್ಟರು. ಆ ಕಾಲುದಾರಿ ಎರಡುಕಣ್ಣಮ್ಮ ದಿನಾ ಸಂಜೆ ಮನೆಗೆ ಹೋಗುವ ದಾರಿ. ಮುಂದಿನ ಅನಾಹುತಕ್ಕೆಲ್ಲ ಈ ಒಂದು ಸಂಗತಿಯೇ ಕಾರಣ.

ಅವಳು ತನ್ನ ಆರು ಸಾಲನ್ನು ಮೂರೇ ದಿನದಲ್ಲಿ ಮುಗಿಸಿದಳು. ಸ್ಪರ್ಧೆಯ ಆವೇಶದಲ್ಲಿ ಎರಡೂ ಹೆಚ್ಚಾಯಿತೆನ್ನಿಸಿ ಎಷ್ಟೋ ಕಡೆ ಒಂದೇ ಕಣ್ಣು ಉಳಿಸಿದಳು. ಬಳ್ಳಿಗಳು ಆಗತಾನೆ ಕ್ಷೌರ ಮಾಡಿಸಿಕೊಂಡ ಸಿಪಾಯಿಗಳ ಹಾಗೆ ನಿಂತವು. ಅಳಿಯ ಕೋಲಿನಿಂದ ಅಳೆದು, ಲೆಕ್ಕ ಬರೆದು, ಕಡ್ಡಿಗೆ ಆರಾರು ಕಣ್ಣು ಬಿಟ್ಟು ಎರಡು ವಾರ ತೆಗೆದುಕೊಂಡ.

ಮೊದಲ ಸಂಜೆ ಅವಳು ಆ ಮೂರು ಸಾಲಿನ ಪಕ್ಕ ಕಣ್ಣು ಮುಚ್ಚಿಕೊಂಡು ನಡೆದಳು. ಎಡವಿದಳು. ಎರಡನೆಯ ಸಂಜೆ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡಳು. ಮೂರನೆಯ ಸಂಜೆ ಒಂದು ಸಣಕಲು ಬಳ್ಳಿ ಆರಾರು ಕಣ್ಣಿನ ಕಡ್ಡಿಗಳನ್ನು ಹೊತ್ತು, ಸಾಮಾನು ಹೇರಿದ ಮುದಿಕತ್ತೆಯ ಹಾಗೆ ತಂತಿಗೆ ಒರಗಿ ನಿಂತಿತ್ತು. "ಅಯ್ಯೋ ನಿನ್ನ!" ಅಂದಳು. ಇಪ್ಪತ್ತಾರು ವರ್ಷದಿಂದ ಕತ್ತರಿಯ ಜೊತೆ ಬಾಳಿದ ಕೈ ಯಜಮಾನಿಯನ್ನು ಕೇಳಿ ಕೆಲಸ ಮಾಡುವುದಿಲ್ಲ. ಕಟಕ್ ಅಂದ ಮೇಲೆಯೇ ಅವಳಿಗೆ ತಾನೇನು ಮಾಡಿದೆನೆಂದು ತಿಳಿದದ್ದು. ನೆಲದ ಮೇಲೆ ನಿಯಮಭಂಗ ಬಿದ್ದಿತ್ತು, ಎರಡು ಗೇಣುದ್ದ. ಸುತ್ತ ನೋಡಿ, ಎತ್ತಿ ಕೋಟಿನೊಳಗೆ ತುರುಕಿಕೊಂಡು ಮನೆಯ ದಾರಿ ಹಿಡಿದಳು.

ಇನ್ನೆಂದೂ ಇಲ್ಲ ಎಂದು ಆಣೆ ಮಾಡಿದಳು. ಆ ಆಣೆ ಮಾರನೆಯ ಸಂಜೆಯವರೆಗೆ ಚೆನ್ನಾಗಿ ನಡೆಯಿತು.

ಆಮೇಲೆ ಅದೊಂದು ದಿನಚರಿಯೇ ಆಯಿತು. ಕಳ್ಳತನಕ್ಕೂ ಅದರದೇ ಅಚ್ಚುಕಟ್ಟು ಇರುತ್ತದೆ. ಇಡೀ ಸಾಲು ಎರಡು ಕಣ್ಣಿಗೆ ಇಳಿಸಿದರೆ ಸಿಕ್ಕಿಬೀಳುವುದು ಖಂಡಿತ. ಆದ್ದರಿಂದ ಇಲ್ಲೊಂದು, ಅಲ್ಲೊಂದು. ಸಣಕಲು ಬಳ್ಳಿ ಕಂಡರೆ ಕರುಳು ಚುರುಕ್ಕೆಂದು ಸ್ವಲ್ಪ ಹೆಚ್ಚೇ ಇಳಿಸುವಳು. ಕೊಬ್ಬಿದ ಬಳ್ಳಿಯ ಮುಂದೆ ನಿಂತರೆ, ಇದರ ದಪ್ಪ ಕಡ್ಡಿಗಳು ಕೋಟಿನಲ್ಲಿ ಹಿಡಿಸುವುದಿಲ್ಲವೆಂದು ಒಂದೆರಡು ಕತ್ತರಿಸಿ ಸುಮ್ಮನಾಗುವಳು. ಕತ್ತರಿಸಿದ್ದೆಲ್ಲ ಮನೆಯ ಹಂಡೆಯ ಒಲೆಗೆ ಹೋಗುತ್ತಿತ್ತು.

"ಈ ಚಳಿಗಾಲ ಬಿಸಿನೀರಿಗೆ ಬರವೇ ಇಲ್ಲ ಅತ್ತೆ," ಅಳಿಯ ಟವೆಲಿನಲ್ಲಿ ತಲೆ ಒರೆಸುತ್ತ ಹೊರಬಂದು ಹೇಳುವನು. "ಏನು ಸೌದೆ ಅದು? ಭಾರಿ ಚೆನ್ನಾಗಿ ಉರಿಯುತ್ತೆ!"

"ಎಲ್ಲೋ ಬಿದ್ದಿದ್ದು," ಅನ್ನುವಳು ಅತ್ತೆ, ಒಲೆಯ ಬಾಯಿಗೆ ಅಡ್ಡ ನಿಂತು.

ಒಂದು ಭಾನುವಾರ ಮಗಳು ಕೋಟು ಒಗೆಯಲೆಂದು ಜೇಬು ಕೊಡವಿದಳು. ಒಳಗಿನಿಂದ ಅರ್ಧ ಬುಟ್ಟಿ ಕಡ್ಡಿಚೂರು ಉದುರಿತು.

"ಅಮ್ಮಾ, ಏನಿದು?"

"ನಿಮ್ಮಪ್ಪನ ಕೋಟು. ಅವರನ್ನೇ ಕೇಳು."

ಅಪ್ಪ ಪೇಪರಿನ ಹಿಂದಿನಿಂದ ತಲೆ ಎತ್ತಲಿಲ್ಲ. ಮಗಳು ಅಮ್ಮನ ಮುಖ ನೋಡಿದಳು, ಕಡ್ಡಿ ನೋಡಿದಳು. "ಆಗಲಿ, ನನಗೇನೂ ಕಾಣಲಿಲ್ಲ. ಅವರು ನನ್ನ ಗಂಡ, ನೀನು ನನ್ನಮ್ಮ. ನಾನು ಕೋಟು ಒಗೆಯೋಳು ಅಷ್ಟೇ," ಎಂದು ಚೂರುಗಳನ್ನು ತಾನೇ ಒಲೆಗೆ ಹಾಕಿದಳು.

ಚಳಿ ಕಳೆದು ಕಣ್ಣುಗಳು ಒಡೆದಾಗ ಅಳಿಯ ನೋಟುಪುಸ್ತಕ ಹಿಡಿದು ಚಿಗುರೆಣಿಸಲು ಹೊರಟ. ಬೇಲಿಯ ಹತ್ತಿರದ ಮೂರು ಸಾಲಿನಲ್ಲಿ ಲೆಕ್ಕ ಸರಿಯಿತ್ತು. ಕಾಲುದಾರಿಯ ಮೂರು ಸಾಲಿನಲ್ಲಿ ಬಿಟ್ಟ ಕಣ್ಣಿಗೂ ಬಂದ ಚಿಗುರಿಗೂ ತಾಳೆಯೇ ಇಲ್ಲ. ಮತ್ತೆ ಎಣಿಸಿದ. ಹೆಂಡತಿಯನ್ನು ಕರೆತಂದು ಎಣಿಸಿದ. ಅವಳು ತುಟಿ ಕಚ್ಚಿಕೊಂಡು ಎಣಿಸಿದಳು. ಅವತ್ತು ಊಟದ ಹೊತ್ತಿಗೆ ಅವನ ಮುಖದಲ್ಲಿ ಹೊಸ ಖಂಡ ಕಂಡ ನಾವಿಕನ ಕಳೆ.

"ಅತ್ತೆ, ನನ್ನ ಬಳ್ಳಿಗೆ ಒಂದು ಹುಳ ಬಿದ್ದಿದೆ."

ಅತ್ತೆಯ ಕೈಯ ಸೌಟು ನಿಂತಿತು. "ಹುಳವಾ?"

"ಕಡ್ಡಿಯ ತುದಿ ತಿಂದಿದೆ. ಹೇಗೆ ಗೊತ್ತಾ? ಓರೆಯಾಗಿ, ನುಣ್ಣಗೆ, ಬ್ಲೇಡಲ್ಲಿ ಕೊಯ್ದ ಹಾಗೆ! ಅದೂ ಕಣ್ಣಿಗೆ ನೀರು ಇಳಿಯದ ಹಾಗೆ ಆಚೆ ಕಡೆಗೇ ಓರೆ. ಇಂಥ ಬುದ್ಧಿವಂತ ಹುಳ ಯಾವ ಪುಸ್ತಕದಲ್ಲೂ ಇಲ್ಲ."

ಬುದ್ಧಿವಂತ ಅನ್ನುವ ಮಾತು ಕಿವಿಗೆ ಬಿದ್ದು ಅತ್ತೆಗೆ ಒಳಗೊಳಗೇ ಸಂತೋಷವಾಯಿತು. ಆದರೆ ಸಂತೋಷ ತೋರಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ಇಲಿ ಇರಬೇಕು ಬಿಡಿ," ಅಂದಳು.

"ಇಲಿಯ ಹಲ್ಲು ಇಷ್ಟು ಹರಿತ ಇರಲ್ಲ ಅತ್ತೆ. ಇದಕ್ಕೆ ಹಲ್ಲು ಒಂದೇ, ಆದರೆ ಭಾರಿ ಹಲ್ಲು. ಸಂಜೆ ಹೊತ್ತು ಬರುತ್ತೆ ಅಂತ ನನ್ನ ಅಂದಾಜು."

ಎರಡುಕಣ್ಣಮ್ಮನ ಗಂಡ ಆ ಹೊತ್ತಿಗೆ ನೀರು ಕುಡಿಯುತ್ತಿದ್ದವನು ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದ. ಹೆಂಡತಿ ಅವನ ಬೆನ್ನಿಗೆ ಅಗತ್ಯಕ್ಕಿಂತ ಜೋರಾಗಿ ಗುದ್ದಿದಳು.

ಹುಳ ಹಿಡಿಯುವ ಅಭಿಯಾನ ಇಡೀ ಬೇಸಿಗೆ ನಡೆಯಿತು. ಅಳಿಯ ಕಾಲುದಾರಿಯುದ್ದಕ್ಕೂ ಅಂಟು ಬಳಿದ ಹಳದಿ ಹಾಳೆ ನೇತುಹಾಕಿದ. ಮೊದಲ ದಿನ ಅದಕ್ಕೆ ಮೂರು ನೊಣ, ಒಂದು ಉಣ್ಣೆಯ ಟೋಪಿ ಸಿಕ್ಕಿಬಿದ್ದವು. ಟೋಪಿಯನ್ನು ಅವನು ಮರ್ಯಾದೆಯಿಂದ ಬಿಡಿಸಿ ಅತ್ತೆಗೆ ತಂದುಕೊಟ್ಟು, "ದಾರಿ ನೋಡ್ಕೊಂಡು ನಡೀರಿ ಅತ್ತೆ," ಅಂದ. ಕಾಣದ ಹುಳಕ್ಕೆ ಹೆಸರಿಟ್ಟ. ಹನ್ನೊಂದು ಪುಟದ ವರದಿ ಬರೆದು, ಕಡ್ಡಿಯ ತುದಿಗಳನ್ನು ಡಬ್ಬಿಯಲ್ಲಿಟ್ಟು ಕಾಲೇಜಿನ ಮೇಷ್ಟರಿಗೆ ಕಳಿಸಿದ. ಚಿತ್ರವನ್ನೂ ಬಿಡಿಸಿದ್ದ: ಆರು ಕಾಲು, ದುಂಡು ಹೊಟ್ಟೆ, ಒಂಟಿ ಹಲ್ಲು. ಮಗಳು ಅದನ್ನು ನೋಡಿ, "ಹೊಟ್ಟೆ ಮಾತ್ರ ಥೇಟ್," ಅಂದಳು.

ಈ ನಡುವೆ ಬಳ್ಳಿಗಳು ತಮ್ಮ ಪಾಡಿಗೆ ತಾವು ಸಾಕ್ಷಿ ಹೇಳತೊಡಗಿದ್ದವು.

ಬೇಲಿಯ ಹತ್ತಿರದ ಸಾಲುಗಳಲ್ಲಿ ಚಿಗುರೋ ಚಿಗುರು, ಗೊಂಚಲೋ ಗೊಂಚಲು. ನೋಡಿದವರು ಬಾಯಿ ಬಿಟ್ಟರು. ಆದರೆ ತಿಂಗಳು ಕಳೆದರೂ ಕಾಯಿಗೆ ಬಣ್ಣ ಬರಲಿಲ್ಲ. ನೆಲದಡಿಯ ಬೇರು ಮಾಡುವ ಅಡುಗೆ ಅಷ್ಟೇ, ಪಂಕ್ತಿಯಲ್ಲಿ ಕೂತವರು ಮೂರು ಪಟ್ಟು. ಎಲ್ಲರಿಗೂ ಅರೆಹೊಟ್ಟೆ, ಯಾರಿಗೂ ಸಿಹಿ ಮುಟ್ಟಲಿಲ್ಲ.

ಎರಡುಕಣ್ಣಮ್ಮನ ಸಾಲುಗಳದು ಇನ್ನೊಂದು ಕಥೆ. ಅಲ್ಲಿ ಬೇರು ಊರಿಗೇ ಆಗುವಷ್ಟು ಅಡುಗೆ ಮಾಡಿತ್ತು, ಉಣ್ಣಲು ಕೂತವರು ನಾಲ್ಕೇ ಜನ. ಉಂಡುಂಡು ಕೊಬ್ಬಿದ ಚಿಗುರುಗಳು ಗಳುವಿನ ಹಾಗೆ ಮೇಲಿನ ತಂತಿ ದಾಟಿ ಆಕಾಶಕ್ಕೆ ಕೈ ಹಾಕಿದವು. ಎಲೆಗಳು ತಟ್ಟೆಯಷ್ಟಗಲ. ಆ ಕತ್ತಲೆಯ ಕಾಡಿನೊಳಗೆ ಕೈಬಿಟ್ಟು ತಡಕಿದರೆ ಎಲ್ಲೋ ಒಂದು ಗೊಂಚಲು, ಬಿಸಿಲು ಕಾಣದೆ ಮುಖ ಸಿಂಡರಿಸಿಕೊಂಡು ಕೂತಿರುತ್ತಿತ್ತು. ಅವಳು ದಿನಾ ಎಲೆ ಸರಿಸಿ ನೋಡುವಳು, ದಿನಾ ಮುಚ್ಚುವಳು. "ಈ ವರ್ಷ ಗಾಳಿ ಸರಿಯಿಲ್ಲ," ಎಂದು ಆಳುಗಳಿಗೆ ಹೇಳಿದಳು. ಗಾಳಿ ಕಾಲುದಾರಿಯ ಕಡೆಗೂ ಅದೇ ಬೀಸುತ್ತಿತ್ತು.

ಕಾಲುದಾರಿಯ ಮೂರು ಸಾಲುಗಳೋ! ಅಲ್ಲಿ ಕೊಬ್ಬಿದ ಬಳ್ಳಿಗೆ ಹೊರುವಷ್ಟು ಹೊರೆಯಿತ್ತು, ಸಣಕಲಿಗೆ ಅದರ ತ್ರಾಣದಷ್ಟು. ಎಲೆಗಳ ನಡುವೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಇಳಿಯುತ್ತಿತ್ತು. ಗೊಂಚಲುಗಳು ಕೈತುಂಬ, ಕಾಯಿಗಳು ಸಣ್ಣಗೆ, ಬಿಗಿಯಾಗಿ, ಕಪ್ಪಿಗೆ ತಿರುಗಿದ ನೀಲಿ. ಅವಳು ಹಾದು ಹೋಗುವಾಗ ಅವುಗಳ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಹೆಮ್ಮೆಯೂ ಭಯವೂ ಒಟ್ಟಿಗೇ ಬಂದು ಜಗಳವಾಡುತ್ತಿದ್ದವು.

ಕೊಯ್ಲಾಯಿತು. ಬೇರೆ ಬೇರೆ ಜಾಗದಿಂದ ಬಂದದ್ದನ್ನು ಬೇರೆ ಬೇರೆಯೇ ಹಾಕುವುದು ಪೀಪಾಯಿಯವನ ಅಭ್ಯಾಸ. ಮೂರು ಸಣ್ಣ ಪೀಪಾಯಿಗಳಲ್ಲಿ ಮೂರು ರಸ ಕೂತು ಹುದುಗಿ ವೈನಾದವು. ಮತ್ತೆ ಎಲೆ ಉದುರುವ ಹೊತ್ತಿಗೆ, ಒಂದು ಮಧ್ಯಾಹ್ನ ನೆಲಮಾಳಿಗೆಯ ಉದ್ದ ಮೇಜಿನ ಮೇಲೆ ಮೂರು ಗ್ಲಾಸುಗಳು ಬಂದು ನಿಂತವು. ಯಜಮಾನರು ತಲೆಕೆಳಗಾದ ಕ್ರೇಟಿನ ಮೇಲೆ ಕೂತರು. ಹನ್ನೊಂದು ಆಳುಗಳು ಪೀಪಾಯಿಗಳಿಗೆ ಒರಗಿದರು. ಗ್ಲಾಸಿಗೆ ಸುರಿದವಳು ಮಗಳು. ಯಾವುದು ಯಾವ ಪೀಪಾಯಿಯದೆಂದು ಅವಳಿಗೊಬ್ಬಳಿಗೇ ಗೊತ್ತು.

ಪೀಪಾಯಿಯವನು ಮೊದಲ ಗ್ಲಾಸು ಎತ್ತಿ ಗುಟುಕು ಹಾಕಿದ, ಬಕೆಟ್ಟಿಗೆ ಉಗುಳಿದ. "ಇದು ಬಂತು, ಹೋಯ್ತು. ಬಂದಿದ್ದು ಯಾಕೆ ಅಂತ ಗೊತ್ತಾಗ್ಲಿಲ್ಲ."

"ಬೇಲಿ ಸಾಲು," ಅಂದಳು ಮಗಳು. ಅಳಿಯನ ಭುಜ ಇಳಿಯಿತು.

ಎರಡನೆಯದು. ಅವನ ಮುಖ ಹಿಂಡಿಹೋಯಿತು. ಹೆಂಡತಿಯ ಕಡೆ ನೋಡಿದ, ನೋಡಬಾರದಿತ್ತೆಂದು ಗೋಡೆ ನೋಡಿದ. ಮೂವತ್ತು ವರ್ಷದ ಸಂಸಾರ ಒಂದು ಕಡೆ, ನಾಲಿಗೆ ಒಂದು ಕಡೆ. ನಾಲಿಗೆ ಗೆದ್ದಿತು. "ಹಸಿ ಕಡ್ಡಿ ಅಗಿದ ಹಾಗಿದೆ."

"ಅಮ್ಮನ ಸಾಲು," ಅಂದಳು ಮಗಳು ಮೆಲ್ಲಗೆ.

ಗಂಡ ಮೂರನೆಯ ಗ್ಲಾಸು ಎತ್ತಿದ. ಗುಟುಕು ಬಾಯಿಗೆ ಹೋಯಿತು. ಉಗುಳಲಿಲ್ಲ. ಇನ್ನೊಂದು ಗುಟುಕು. ಅದನ್ನೂ ಉಗುಳಲಿಲ್ಲ. ಗ್ಲಾಸು ಖಾಲಿಯಾದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು, "ಇನ್ನೊಂದು ಸ್ವಲ್ಪ ಹಾಕಮ್ಮ," ಅಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದ್ದಿಲ್ಲ.

"ಕಾಲುದಾರಿ ಸಾಲು."

"ಅಂದರೆ ಗೆದ್ದಿದ್ದು ತಜ್ಞರು!" ಯಜಮಾನರು ಎದ್ದರು. ತಾವು ತೀರ್ಮಾನ ಕೊಡಬೇಕಾಗಿ ಬರಲಿಲ್ಲವೆಂಬ ಸಂತೋಷ ಅವರಿಗೆ.

ಎರಡುಕಣ್ಣಮ್ಮ ನೆಟ್ಟಗೆ ನಿಂತಿದ್ದಳು. ಸಿಂಹಾಸನ ಹೋಯಿತು. ಹೋಗಲಿ. ಅಳಿಯನ ಕೈಗೆ ಹೋಯಿತು, ಹೊರಗಿನವರ ಕೈಗಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮಾನವಾದರೂ ಉಳಿಯುತ್ತದೆ. ಹೀಗೆ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡು ಮುಗಿಸುವಷ್ಟರಲ್ಲಿ ಅಳಿಯ ಬಾಯಿ ತೆರೆದ. ಅವನು ಪ್ರಾಮಾಣಿಕ. ಅದೇ ಅವನ ದೊಡ್ಡ ದೋಷ.

"ಗೆದ್ದಿದ್ದು ನಾನಲ್ಲ ಯಜಮಾನ್ರೇ. ಬೇಲಿ ಸಾಲಿಗೂ ಕಾಲುದಾರಿ ಸಾಲಿಗೂ ನಾನು ಕತ್ತರಿಸಿದ್ದು ಒಂದೇ ತರ. ಅದು ನೀರು, ಇದು ಅಮೃತ. ನಡುವೆ ಇರೋ ವ್ಯತ್ಯಾಸ ಒಂದೇ." ಜೇಬಿನಿಂದ ಚಿತ್ರ ತೆಗೆದು ಮೇಜಿನ ಮೇಲೆ ಹರಡಿದ. "ಈ ಹುಳ!"

ಎಲ್ಲರೂ ಬಗ್ಗಿ ನೋಡಿದರು.

"ಎಲ್ಲಿ ಎಷ್ಟು ತಿನ್ನಬೇಕು ಅಂತ ಇದಕ್ಕೆ ಗೊತ್ತು. ಸಣಕಲಲ್ಲಿ ಹೆಚ್ಚು ತಿಂದಿದೆ, ದಪ್ಪದಲ್ಲಿ ಕಡಿಮೆ. ಮನುಷ್ಯರಿಗೆ ಸಾಧ್ಯ ಇಲ್ಲದ ಸೂಕ್ಷ್ಮ ಇದು. ಇದನ್ನ ಹಿಡಿದು, ಸಾಕಿ, ಸಂತಾನ ಬೆಳೆಸಿ ಇಡೀ ಇಳಿಜಾರಿಗೆ ಬಿಟ್ಟರೆ ಕತ್ತರಿಯೇ ಬೇಡ. ಆಳುಗಳೂ ಬೇಡ!"

ಆಳುಗಳು ಪೀಪಾಯಿ ಬಿಟ್ಟು ಎದ್ದು ನಿಂತರು. "ಸಾಕೋದಕ್ಕೆ ಎಷ್ಟು ಜಾಗ ಬೇಕಾಗುತ್ತೆ?" ಎಂದು ಯಜಮಾನರು ಕೇಳುತ್ತಿದ್ದರು. "ಶೆಡ್ಡು ಖಾಲಿ ಮಾಡಿಸಿಬಿಡೋಣವಾ?"

ಎರಡುಕಣ್ಣಮ್ಮನ ಕಿವಿಯಲ್ಲಿ ಗುಂಯ್ ಎಂದಿತು. ಅಳಿಯನ ಎದುರು ಸೋಲಬಹುದು. ಆದರೆ ಇಪ್ಪತ್ತಾರು ವರ್ಷದ ಕೈ ತನ್ನ ಜೀವಮಾನದ ಅತ್ಯುತ್ತಮ ಕೆಲಸ ಮಾಡಿದೆ, ಅದರ ಕೀರ್ತಿ ದುಂಡು ಹೊಟ್ಟೆಯ ಒಂಟಿ ಹಲ್ಲಿನ ಹುಳಕ್ಕೆ!

"ಸಾಕು ನಿಲ್ಸೋ!" ಅಂದಳು.

ಬಕೆಟ್ಟಿಗಲ್ಲ. ನೇರವಾಗಿ, ಅಳಿಯನ ಮುಖಕ್ಕೇ. ಮಗಳ ಕೈಯಿಂದ ವೈನಿನ ಜಗ್ಗು ಜಾರಿ ಬಿದ್ದು ಚೂರಾಯಿತು.

"ಹುಳವಂತೆ ಹುಳ! ಓರೆಯಾಗಿ, ನುಣ್ಣಗೆ, ಕಣ್ಣಿಗೆ ನೀರಿಳಿಯದ ಹಾಗೆ ಕತ್ತರಿಸೋ ಹುಳ ಈ ಇಳಿಜಾರಲ್ಲಿ ಇರೋದು ಒಂದೇ. ಅದು ನಿನ್ನ ಮುಂದೆ ನಿಂತಿದೆ. ನೋಡ್ಕೋ!"

ಅಳಿಯ ಅತ್ತೆಯನ್ನು ನೋಡಿದ, ಚಿತ್ರ ನೋಡಿದ, ಮತ್ತೆ ಅತ್ತೆಯನ್ನು ನೋಡಿದ. ಚಿತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಕೋಪವೋ ಎಂದುಕೊಂಡರೆ, ಅಲ್ಲ. ದುಃಖ.

"ಹಂಗಾದ್ರೆ ಹುಳ ಇಲ್ವಾ?"

"ಇಲ್ಲ."

"ಹನ್ನೊಂದು ಪುಟ ಬರೆದಿದ್ದೆ ಅತ್ತೆ."

"ಎರಡು ಪುಟದಲ್ಲಿ ಮುಗಿಸಬೇಕಿತ್ತು," ಅಂದಳು ಅವಳು. ಆದರೆ ಆ ಮುಖ ನೋಡಿ ಟೋಪಿ ತೆಗೆದಳು. "ದಿನಾ ಸಂಜೆ ಕದ್ದೆ ಅಳಿಯಂದ್ರೇ. ನೀವು ಮಿಂದಿದ್ದು ನಿಮ್ಮ ಬಳ್ಳಿಯ ಬಿಸಿನೀರಲ್ಲೇ. ತಪ್ಪಾಯ್ತು."

ಯಜಮಾನರು ಅಷ್ಟು ಹೊತ್ತಿಗೆ ಮತ್ತೆ ಕ್ರೇಟಿನ ಮೇಲೆ ಕುಸಿದಿದ್ದರು. "ಇರಲಿ, ಎಷ್ಟು ಕಣ್ಣು ಉಳಿಸಿದಿರಿ ಅಂತಾದರೂ ಹೇಳಿ. ಇಡೀ ತೋಟಕ್ಕೆ ಹಾಗೇ ಮಾಡಿಸೋಣ."

ಜೀವನದಲ್ಲಿ ಮೊದಲ ಸಲ ಎರಡುಕಣ್ಣಮ್ಮನ ಹತ್ತಿರ ಆ ಪ್ರಶ್ನೆಗೆ ಉತ್ತರವಿರಲಿಲ್ಲ. "ಗೊತ್ತಿಲ್ಲ. ಕೋಟು ಹಿಡಿಸುವಷ್ಟು ಕತ್ತರಿಸಿದೆ."

"ಕೋಟನ್ನ ಮೇಸ್ತ್ರಿ ಮಾಡೋಕಾಗಲ್ವಲ್ಲಮ್ಮ!"

ಅಳಿಯ ಆಗಲೇ ನೋಟುಪುಸ್ತಕ ತಿರುವುತ್ತಿದ್ದ. ವಸಂತದಲ್ಲಿ ಬಳ್ಳಿಬಳ್ಳಿಯದೂ ಉಳಿದ ಚಿಗುರು ಎಣಿಸಿ ಬರೆದವನು ಅವನೇ ತಾನೇ. "ಕಡ್ಡಿ ಲೆಕ್ಕ ಬಿಡಿ, ಇಡೀ ಬಳ್ಳಿಗೆ ಹೇಳ್ತೀನಿ. ಸಣಕಲಲ್ಲಿ ಹನ್ನೆರಡು ಹದಿಮೂರು. ನಡುವಿನದಕ್ಕೆ ಇಪ್ಪತ್ತು ಇಪ್ಪತ್ತೆರಡು. ದಪ್ಪದ್ದರಲ್ಲಿ ಮೂವತ್ತರ ಮೇಲೆ." ತಟ್ಟನೆ ತಲೆ ಎತ್ತಿದ. "ಅತ್ತೆ! ಇದು ಪಾಠದಲ್ಲಿತ್ತು. ಬಳ್ಳಿಯಿಂದ ಕತ್ತರಿಸಿದ ಕಡ್ಡಿ ತೂಗಬೇಕು. ತೂಕ ಹೆಚ್ಚಿದ್ದರೆ ಬಳ್ಳಿಗೆ ಶಕ್ತಿ ಇದೆ, ಕಣ್ಣು ಹೆಚ್ಚು ಬಿಡಬೇಕು. ಕಡಿಮೆ ಇದ್ದರೆ ಕಡಿಮೆ ಬಿಡಬೇಕು. ಎಲ್ಲ ಬಳ್ಳಿಗೂ ಒಂದೇ ಲೆಕ್ಕ ಅಲ್ಲ. ನಾನು ಮರೆತೇಬಿಟ್ಟಿದ್ದೆ!"

"ಪಾಠ ಮಾಡುವಾಗ ನಿದ್ದೆ ಮಾಡ್ತಿದ್ರೇನೋ."

"ಆವತ್ತು ಕ್ಲಾಸಿಗೇ ಹೋಗಿರ್ಲಿಲ್ಲ. ನಿಮ್ಮ ಮಗಳ ಜೊತೆ ಆಸ್ಪತ್ರೆ ಹಿಂದಿನ ಬೆಂಚಲ್ಲಿದ್ದೆ."

ಮಗಳು ಜಗ್ಗಿನ ಚೂರು ಆಯುವ ನೆಪದಲ್ಲಿ ಮೇಜಿನ ಕೆಳಗೆ ಹೋದಳು. ಹನ್ನೊಂದು ಆಳುಗಳು ನಗಲೋ ಬೇಡವೋ ಎಂದು ಎರಡುಕಣ್ಣಮ್ಮನ ಮುಖ ನೋಡಿ, ನಕ್ಕರು.

"ಹಾಗಾದ್ರೆ ಮೇಸ್ತ್ರಿ ಯಾರು?" ಯಜಮಾನರ ಧ್ವನಿ ಅಳುವಂತಿತ್ತು.

ಎರಡುಕಣ್ಣಮ್ಮ ಸೊಂಟದ ಪಟ್ಟಿ ಬಿಚ್ಚಿದಳು. ಕತ್ತರಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡು ಚರ್ಮದ ಚೀಲವನ್ನು ಮೇಜಿನ ಮೇಲಿಟ್ಟಳು. "ಮುಟ್ಟಿದವರು ಸೋತ ಹಾಗೆ ಅಂದಿದ್ದು ನಾನೇ. ಮುಟ್ಟಿದ್ದೂ ನಾನೇ. ಇನ್ನು ಕೇಳೋದೇನಿದೆ? ಮೇಸ್ತ್ರಿ ಇವರು. ನಾನು ಆಳು." ಗಂಡ ಎದ್ದು ಬಂದು, ತನಗೆ ಸುರಿದಿದ್ದ ಮೂರನೆಯ ವೈನಿನ ಗ್ಲಾಸನ್ನು ಅವಳ ಕೈಗೆ ಕೊಟ್ಟ.

ಹತ್ತು ದಿನದ ಮೇಲೆ ಹೊಸ ಮೇಸ್ತ್ರಿ ಶೆಡ್ಡಿನಿಂದ ಹೊರಬಿದ್ದ, ಚೌಕಟ್ಟಿಗೆ ತಲೆ ಹೊಡೆಸಿಕೊಂಡು. ಹಿಂದೆ ಹನ್ನೆರಡು ಜನ ಆಳುಗಳು, ಹನ್ನೆರಡನೆಯವಳು ಸಾಲಿನ ಕೊನೆಯಲ್ಲಿ. ಅವನು ಮೊದಲ ಬಳ್ಳಿಯ ಮುಂದೆ ನಿಂತು ದಿಟ್ಟಿಸಲು ನೋಡಿದ. ಬಳ್ಳಿ ಹೆದರಲಿಲ್ಲ. ಕಡ್ಡಿ ಕಡ್ಡಿಯನ್ನೂ ಉದ್ದಕ್ಕೆ ಬಿಟ್ಟು ಮೊದಲ ಸುತ್ತು ಕತ್ತರಿಸಿ, ಬಿದ್ದದ್ದನ್ನು ಕಟ್ಟಿ, ಕೊಂಡಿ ತಕ್ಕಡಿಗೆ ನೇತುಹಾಕಿದ. ಮುಳ್ಳು ಓಡಿ ನಿಂತಿತು. ನೋಟುಪುಸ್ತಕ ನೋಡಿ, "ಇಪ್ಪತ್ತನಾಲ್ಕು ಕಣ್ಣು ಉಳಿಸಬೇಕು," ಅಂದ. ಆದರೆ ಯಾವ ಇಪ್ಪತ್ತನಾಲ್ಕು? ಕತ್ತರಿ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹಾರಿ, ಮತ್ತೆ ಹಿಂದಕ್ಕೆ ಬಂತು. ಹಿಂದಿನ ಆಳುಗಳು ಕಾಲು ಬದಲಾಯಿಸಿದರು.

"ಅತ್ತೆ, ಸ್ವಲ್ಪ ಮುಂದೆ ಬನ್ನಿ."

"ಕರೆದ್ರಾ ಮೇಸ್ತ್ರಿ?"

"ಎಷ್ಟು ಅನ್ನೋದು ನಾನು ಹೇಳ್ತೀನಿ. ಯಾವುದು ಅನ್ನೋದು ನೀವು ನೋಡಿ."

ಅವಳು ಬಂದಳು. ಬಳ್ಳಿಯನ್ನು ಮೇಲಿಂದ ಕೆಳಗೆ ನೋಡಿದಳು. ಒಂದು ಸುತ್ತು ಹಾಕಿದಳು. ಬಿಸಿಲು ಎಲ್ಲಿಂದ ಬರುತ್ತದೆಂದು ತಲೆ ಎತ್ತಿದಳು. ಕಟಕ್, ಕಟಕ್, ಕಟಕ್. ಎರಡು ನಿಮಿಷದಲ್ಲಿ ಮುಗಿಯಿತು. ಅಳಿಯ ಬಗ್ಗಿ ಎಣಿಸಿದ.

"ಇಪ್ಪತ್ತೆರಡೇ ಇದೆ."

"ಇಪ್ಪತ್ತೆರಡೇ ಸಾಕು ಅದಕ್ಕೆ."

"ತೂಕ ಇಪ್ಪತ್ತನಾಲ್ಕು ಹೇಳುತ್ತೆ."

"ತಕ್ಕಡಿಗೆ ಹೇಳಿ, ಆ ಕೊಂಬೆ ಹೋದ ವರ್ಷ ಪೆಟ್ಟು ತಿಂದಿದೆ ಅಂತ. ಇಲ್ಲಿ ಮುಟ್ಟಿ ನೋಡಿ, ಇಲ್ಲಿ. ಸಿಕ್ಕಿತಾ?"

ಅಳಿಯ ಮುಟ್ಟಿ ನೋಡಿದ. ತೊಗಟೆಯಡಿ ಒಂದು ಗಂಟು ಕೈಗೆ ಸಿಕ್ಕಿತು. ನೋಟುಪುಸ್ತಕದಲ್ಲಿ ಇಪ್ಪತ್ತನಾಲ್ಕು ಹೊಡೆದುಹಾಕಿ ಇಪ್ಪತ್ತೆರಡು ಬರೆದ, ಪಕ್ಕದಲ್ಲಿ ಕಾರಣವನ್ನೂ ಬರೆದ. ಅವಳು ಅಷ್ಟರಲ್ಲಿ ಎರಡನೆಯ ಬಳ್ಳಿಯ ಹತ್ತಿರ ಹೋಗಿ ನಿಂತು, ಕೈಯಲ್ಲಿ ಕತ್ತರಿ ಇದ್ದರೂ ಮುಟ್ಟದೆ, ಕಾಯುತ್ತಿದ್ದಳು.

"ಬೇಗ ಬನ್ನಿ ಮೇಸ್ತ್ರಿ," ಅಂದಳು. "ಇದು ಎಷ್ಟು ತೂಗುತ್ತೆ ನೋಡೋಣ."